ಗುಸುಲಿನ ನೀರು

ರಾಜೇಸಾಬ್ ಎತ್ತಿ ಹಾಕಿದ ಹಾರೆ ಠಣ್ಣನೆ ಪುಟಿದು ಬಂತು. ಓಣಿಗೆ ಹೋದ ವರ್ಷವಷ್ಟೇ ಸಿಮೆಂಟು ಬಿದ್ದಿತ್ತು. ಒಳಗೆ ತಮ್ಮ ದಾವಲ್‌ಸಾಬನ ಹೆಣ ಗುಸುಲಿಗೆ, ಕೊನೆಯ ಸ್ನಾನಕ್ಕೆ, ಕಾದಿತ್ತು. ಹೆಣಕ್ಕೆ ಎರೆದ ನೀರು ಯಾರ ಕಾಲಿಗೂ ಸಿಗದಂತೆ ಗುಂಡಿಗೆ ಇಳಿಯಬೇಕೆಂಬುದು ಹಿರಿಯರ ಪದ್ಧತಿ. ಹಿರಿಯರೇನೋ ಹೇಳಿ ಹೋದರು. ಸಿಂಧನೂರಿನ ಆ ಓಣಿಯಲ್ಲಿ ಗೇಣು ಮಣ್ಣಿರಲಿಲ್ಲ.

“ಬಚ್ಚಲದಾಗ ಎರೆದ್ರ ನೀರು ಗಟಾರಕ್ಕ ಹೋಗತೈತ್ರಿ,” ಎಂದ ಗುಸುಲ್ ಮಾಡಿಸಲು ಬಂದಿದ್ದ ಹಸನ್‌ಸಾಬ್.

“ಇದ್ದಾಗೂ ಗಟಾರದಾಗ ಬಿದ್ದ. ಸತ್ತ ಮ್ಯಾಲೂ ಅಲ್ಲೇ ಕಳಸಬೇಕೇನು? ಗೊರೇಬಾಳಕ್ಕ ನಮ್ಮ ಮನಿಗೆ ಒಯ್ಯೂಣು. ಹಿತ್ತಲೈತಿ. ಜನಾಜಾ ಅಲ್ಲಿಂದನ ಏಳ್ಲಿ,” ಎಂದ ರಾಜೇಸಾಬ್.

ಬಾಗಿಲ ಹಿಂದೆ ದಾವಲ್‌ಸಾಬನ ಹೆಂಡತಿ ಮಾಬುಬೀ ಕೇಳುತ್ತ ನಿಂತಿದ್ದಳು. ಗಂಡನ ಕೊನೆಯ ಪಯಣ ತನ್ನ ಹೊಸ್ತಿಲಿಂದಲೇ ಹೊರಡಲಿ ಎಂಬುದೊಂದೇ ಅವಳಿಗೆ ಉಳಿದಿದ್ದ ಆಸೆ.

*

ಕೆಲವು ವರ್ಷಗಳ ಹಿಂದೆ ನಗರಸಭೆಯವರು ಊರ ಹೊರಗೆ ಗಟಾರದ ನೀರು ಸೋಸಲು ಜಲ್ಲಿಯ ಮಡಿ ಕಟ್ಟಿ, ಆಪು, ಕಾಬಾಳೆಯಂಥ ನೀರುಗಿಡಗಳನ್ನು ನೆಟ್ಟಾಗ ಅವನ್ನು ನೋಡಿಕೊಳ್ಳಲು ಯಾರೂ ಬರಲಿಲ್ಲ. ದಾವಲ್‌ಸಾಬ ಹೋದ. ಅಂದಿನಿಂದ ಅಣ್ಣ ಈದ್ ಊಟಕ್ಕೂ ಕರೆಯಲಿಲ್ಲ. ಮಾಬುಬೀಯೇನು ಕಡಿಮೆಯೇ? ಎರಡು ಕೊಡ ನೀರು ಮೈಮೇಲೆ ಸುರುವಿಸದೆ ಗಂಡನನ್ನು ಒಳಗೆ ಬಿಡುತ್ತಿರಲಿಲ್ಲ.

ಒಂದು ದಿನ ಅವನು ಬುತ್ತಿ ಮರೆತು ಹೋದ. ಗೊಣಗುತ್ತಲೇ ಒಯ್ದಳು. ಮಡಿಯ ಈಚೆ ಕರ್ರಗಿನ ನೀರು ಇಳಿಯುತ್ತಿತ್ತು; ಆಚೆ ಹೊರಬಿದ್ದ ನೀರಿನಲ್ಲಿ ತಳದ ಕಲ್ಲು ಕಾಣುತ್ತಿತ್ತು. ಅವಳು ಕೈ ಚಾಚಿದಳು.

“ಮುಟ್ಟಬ್ಯಾಡ. ಹೊಲಕ್ಕ ನಡೀತೈತಿ, ಕುಡಿಯಾಕಲ್ಲ.”

“ಕುಡಿಯಾಕ ಬರದ ನೀರಿಗೆ ಯಾಕಿಷ್ಟು ಒದ್ದಾಡ್ತೀರಿ?”

“ಹೊಲಸು ಊರೆಲ್ಲಾ ಬಿಡತೈತಿ. ಯಾರರ ಹಿಡಕೋಬೇಕಲ್ಲ,” ಎಂದು ಒಣಗಿದ ಆಪು ಕೊಯ್ಯಲು ಬಗ್ಗಿದ.

ಆ ಹೊತ್ತು ಅವಳಿಗೆ ಗಂಡನ ಬಗ್ಗೆ ಹೆಮ್ಮೆಯೆನಿಸಿತು. ಆದರೂ ಸಂಜೆ ಎಂದಿನಂತೆ ಎರಡು ಕೊಡ ಸುರುವಿಸಿಯೇ ಒಳಗೆ ಬಿಟ್ಟಳು.

*

ಗೊರೇಬಾಳಕ್ಕೆ ಒಯ್ಯಲು ಟೆಂಪೊ ಬಂದು ನಿಂತಿತು. ಮಾಬುಬೀ ಸೆರಗು ಎಳೆದುಕೊಂಡು ಬಾಗಿಲಿಗೆ ಬಂದಳು.

“ಭಾಯ್‌ಸಾಬ್, ಇಲ್ಲೇ ಎರೀರಿ.”

“ನೀರು ಗಟಾರಕ್ಕ ಹೋಗತೈತಿ, ಮಾಬೂ.”

“ಹೋಗ್ಲಿ. ಆ ಗಟಾರ ಎಲ್ಲಿಗೆ ಹೋಗತೈತಿ ಅಂತ ನನಗ ಗೊತ್ತೈತಿ. ಅವರು ಬೆಳಸಿದ ಗಿಡದ ಬುಡಕ್ಕ. ಇದ್ದಾಗ ನಿಮ್ಮ ಮನಿಗೆ ಕರೀಲಿಲ್ಲ, ಈಗ ಒಯ್ಯಬ್ಯಾಡ್ರಿ.”

ಹಸನ್‌ಸಾಬ್ ಯಾರ ಅಪ್ಪಣೆಗೂ ಕಾಯದೆ ಕೊಡ ಎತ್ತಿಕೊಂಡು ಒಳಗೆ ಹೋದ. ರಾಜೇಸಾಬ್ ಹಾರೆಯನ್ನು ಗೋಡೆಗೆ ಆನಿಸಿ ತಲೆ ತಗ್ಗಿಸಿ ನಿಂತ.

ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಸಿದ ನೀರು, ಅದರ ಹಿಂದೆ ಕರ್ಪೂರದ ನೀರು, ಬಚ್ಚಲ ತೂತಿನಿಂದ ಗಟಾರಕ್ಕೆ ಬಂತು. ಪಕ್ಕದ ಅಂಗಡಿಯ ಮುಂದೆ ಪ್ಲಾಸ್ಟಿಕ್ ಚೀಲಗಳು ಸಿಕ್ಕಿ ನೀರು ನಿಂತಿತು. ಇನ್ನೇನು ಉಕ್ಕಿ, ನೆರೆದವರ ಕಾಲಿಗೆ ತಾಗುವುದರಲ್ಲಿತ್ತು. ದಾವಲ್‌ಸಾಬನ ಮಗ ಇಶ್ತಿಯಾಕ್ ಕೋಲು ತರಲು ಓಡಿದ.

ಅವನು ಕೋಲು ಹಿಡಿದು ಬಂದಾಗ ರಾಜೇಸಾಬ್ ಬಿಳಿ ಜುಬ್ಬಾದ ತೋಳು ಮಡಚಿ, ಕುಕ್ಕರಗಾಲಲ್ಲಿ ಕೂತು, ಮೊಣಕೈ ತನಕ ಗಟಾರದಲ್ಲಿ ಕೈಯಿಟ್ಟಿದ್ದ. ಒಂದೊಂದೇ ಚೀಲ ಕಿತ್ತು ಪಕ್ಕಕ್ಕಿಟ್ಟ.

“ಬಡೇಅಬ್ಬಾ, ಕೋಲು ತಂದೀನಿ.”

“ಬ್ಯಾಡ.”

ಗುಳುಗುಳು ಎಂದು ನೀರು ದಾರಿ ಹಿಡಿಯಿತು. ರಾಜೇಸಾಬ್ ಕೈ ಹೊರಗೆ ತೆಗೆಯಲಿಲ್ಲ. ಬೆರಳುಗಳ ಸಂದಿಯಿಂದ ತಮ್ಮನ ನೀರು ಹರಿದುಹೋಗಲು ಬಿಟ್ಟು ಹಾಗೇ ಕೂತ.