ಆಟ ಮುಗಿದವರು

"ಬೋಲ್ಸ್ಟರ್!" ವರಾಂಡಾದಲ್ಲಿ ಗಸ್ ಕೂಗಿದ. "ಹ್ಯಾಂಕ್ ಬೋಲ್ಸ್ಟರ್. ಎಂಬತ್ತೊಂಬತ್ತರ ಬೇಸಿಗೆ. ಹೇಳು ನೋಡೋಣ, ಏನು ಮಾಡಿದ ಅವ್ನು?"

"ಮೊದಲನೇ ಚೆಂಡನ್ನೇ ಅಂಪೈರ್ ಮೊಣಕಾಲಿಗೆ ಎಸೆದ!" ಡ್ವೇನ್ ಕುರ್ಚಿಯ ಕೈ ಬಡಿದು ನಕ್ಕ. "ಆಮೇಲೆ ಕ್ಷಮೆ ಕೇಳೋಕೆ ಹೋಗಿ ಅದೇ ಕಾಲು ತುಳಿದ!"

ಅಡುಗೆಮನೆಯಲ್ಲಿ ಸ್ಯಾಂಡ್‌ವಿಚ್ ಸುತ್ತುತ್ತಿದ್ದ ಆರ್ಲೀನ್ ಕಿಟಕಿ ಮುಚ್ಚಿದಳು. ಜುಲೈ ಸೆಕೆ ಒಳಗೇ ಉಳಿಯಿತು. ನಗು ಮಾತ್ರ ಗಾಜು ದಾಟಿ ಬರುತ್ತಲೇ ಇತ್ತು. ಗಂಡ ಡ್ವೇನ್ ಮತ್ತು ಪಕ್ಕದ ಮನೆಯ ಗಸ್ ಭಾನುವಾರ ಊಟವಾದ ಮೇಲೆ ಆಡುವ ಆಟ ಇದು. ಊರಿನ ಬೇಸ್‌ಬಾಲ್ ತಂಡಕ್ಕೆ ಬಂದು, ದೇಶದ ದೊಡ್ಡ ಲೀಗ್ ಮುಟ್ಟದೆಯೇ ಮರೆಯಾದವನೊಬ್ಬನ ಹೆಸರನ್ನು ಒಬ್ಬ ಹೇಳಬೇಕು. ಅವನು ಎಡವಿದ್ದು ಹೇಗೆಂದು ಇನ್ನೊಬ್ಬ ಹೇಳಬೇಕು.

ಹಾಗೆ ಮರೆಯಾದವರಲ್ಲಿ ಎಷ್ಟೋ ಜನ ಇದೇ ಮನೆಯ ನೆಲಮಾಳಿಗೆಯಲ್ಲಿ ಮಲಗಿದವರು. ತಂಡ ಕೊಡುವ ಸಂಬಳದಲ್ಲಿ ಬಾಡಿಗೆ ಕಟ್ಟಲಾಗದ ಹುಡುಗರನ್ನು ಊರಿನವರೇ ಬೇಸಿಗೆಗೆ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಬೋಲ್ಸ್ಟರ್‌ಗೆ ದೀಪ ಆರಿಸಿದರೆ ನಿದ್ದೆ ಬರುತ್ತಿರಲಿಲ್ಲ. ಬಟಾಣಿ ಕಂಡರೆ ತಟ್ಟೆಯಂಚಿಗೆ ಸರಿಸಿ, ಆರ್ಲೀನ್ ನೋಡಿದಳೆಂದು ಮತ್ತೆ ಒಂದೊಂದಾಗಿ ತಿನ್ನುತ್ತಿದ್ದ. ಅದನ್ನು ಯಾರೂ ಕೇಳಲಿಲ್ಲ. ಆ ಆಟದಲ್ಲಿ ಅದಕ್ಕೆ ಬೆಲೆಯಿಲ್ಲ.

ಅವರನ್ನು ತಂಡ ಕೈಬಿಟ್ಟ ದಿನ ಬಸ್ ನಿಲ್ದಾಣಕ್ಕೆ ಬಿಟ್ಟು ಬಂದವಳೂ ಅವಳೇ. ಅಂಥ ದಿನವೇ ಡ್ವೇನ್‌ನ ಹುಲ್ಲು ಕತ್ತರಿಸುವ ಯಂತ್ರ ಕೆಡುತ್ತಿತ್ತು, ಇಲ್ಲವೇ ಸೂರಿನ ತಗಡು ಸಡಿಲವಾಗಿ ಅವನು ಮೇಲೆ ಹತ್ತಬೇಕಾಗುತ್ತಿತ್ತು.

ಮೆಟ್ಟಿಲ ಮೇಲೆ ಪೆಟ್ಟಿಗೆ ತಾಗಿದ ಸದ್ದಾಯಿತು. ಎಲಿಯೋ ಮೇಲೆ ಬಂದ. ಡೊಮಿನಿಕನ್ ಗಣರಾಜ್ಯದಿಂದ ಬಂದ ಹುಡುಗ, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್, ಈ ಮನೆಯಲ್ಲಿ ಅವನದು ಎರಡನೇ ಬೇಸಿಗೆ. ಬೆಳಿಗ್ಗೆ ತಂಡದ ಮ್ಯಾನೇಜರ್ ಅವನನ್ನು ಕೋಣೆಗೆ ಕರೆದು, ಇನ್ನು ನಿನ್ನ ಅಗತ್ಯವಿಲ್ಲ ಎಂದಿದ್ದ. ಅದು ಗೊತ್ತಿದ್ದದ್ದು ಆರ್ಲೀನ್‌ಗೆ ಮಾತ್ರ. ನಾನು ಬಸ್ ಹತ್ತುವ ತನಕ ಡ್ವೇನ್‌ಗೆ ಹೇಳಬೇಡಿ ಎಂದು ಅವನು ಬೇಡಿಕೊಂಡಿದ್ದ. ಇವನು ದೊಡ್ಡ ಲೀಗ್‌ಗೆ ಹೋಗೇ ಹೋಗುತ್ತಾನೆಂದು ಡ್ವೇನ್ ಕ್ಷೌರದಂಗಡಿಯಲ್ಲೂ ಚರ್ಚ್‌ನಲ್ಲೂ ಸಾರಿಕೊಂಡು ಬಂದಿದ್ದ.

"ಹಿಂದಿನ ಬಾಗಿಲಿಂದ ಹೋಗೋಣ ಬಾ," ಎಂದಳು ಆರ್ಲೀನ್. "ಕಾರು ಆ ಕಡೆಗೇ ನಿಲ್ಲಿಸಿದೀನಿ."

"ಇಲ್ಲಮ್ಮ. ಎರಡು ಬೇಸಿಗೆ ಅವ್ರ ಮನೇಲಿ ಅನ್ನ ತಿಂದಿದೀನಿ. ಹೋಗಿಬರ್ತೀನಿ ಅಂತ ಹೇಳಿಯೇ ಹೋಗ್ತೀನಿ."

"ಅವ್ರು ಆ ಹಾಳು ಆಟ ಆಡ್ತಾ ಕೂತಿದಾರೆ ಕಣೋ."

"ಕೇಳಿಸ್ತು. ಕೆಳಗೂ ಕೇಳಿಸುತ್ತೆ ಅದು, ಯಾವಾಗ್ಲೂ."

ಅವಳ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಪೊಟ್ಟಣದ ಕಾಗದ ಹರಿಯಿತು. ಅಷ್ಟರಲ್ಲಿ ಅವನು ವರಾಂಡಾದ ಬಾಗಿಲು ತಳ್ಳಿದ್ದ.

"ಬಂದ ನೋಡಪ್ಪ ನಮ್ಮ ಸರದಾರ!" ಡ್ವೇನ್ ಮುಖ ಅರಳಿಸಿದ. "ಬೇರೆ ಊರಲ್ಲಿ ಮ್ಯಾಚಾ? ಇಷ್ಟು ದೊಡ್ಡ ಪೆಟ್ಟಿಗೆ ಯಾಕೋ, ಅಲ್ಲೇನು ಮದುವೆ ಗೊತ್ತಾಗಿದೆಯಾ?"

"ನಮಗೆ ಕೇಕ್ ಬಂದ್ರೆ ಸಾಕು," ಎಂದ ಗಸ್.

"ಬಸ್ಸಿಗೆ ಹೊತ್ತಾಯ್ತು," ಆರ್ಲೀನ್ ಹಿಂದಿನಿಂದ ಹೇಳಿದಳು. "ನಡಿ."

"ನೀನೊಬ್ಬಳು, ಒಂದು ನಿಮಿಷ ಕೂತ್ಕೊಳೋಕೆ ಬಿಡಲ್ಲ ಹುಡುಗನ್ನ. ಏ ಎಲಿಯೋ, ಹೋಗೋ ಮುಂಚೆ ನೀನೂ ಒಂದು ಹೆಸರು ಹೇಳು. ಗಸ್ ಸೋಲ್ತಾ ಇದಾನೆ, ಅವ್ನ ಕಡೆ ಸೇರ್ಕೊ."

ಎಲಿಯೋ ಪೆಟ್ಟಿಗೆ ಕೆಳಗಿಟ್ಟ. ಮೇಷ್ಟರೆದುರು ನಿಂತವನ ಹಾಗೆ ಟೋಪಿ ತೆಗೆದು ಹಿಡಿದುಕೊಂಡ.

"ಎಲಿಯೋ ಮಾರ್ತೆ," ಎಂದ.

ಗಸ್ ಗೊಳ್ಳೆಂದು ನಕ್ಕ. ಡ್ವೇನ್ ಕೈ ಅಲ್ಲಾಡಿಸಿದ. "ಏ, ಅದು ನಡೆಯಲ್ಲ. ಆಟ ಮುಗಿದವರ ಹೆಸರು ಮಾತ್ರ."

"ನಡೆಯುತ್ತೆ ಸರ್. ಬೆಳಿಗ್ಗೆ ಮುಗೀತು."

ಗಸ್‌ನ ನಗು ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಬಿಯರ್ ಡಬ್ಬದೊಳಗೆ ಇಣುಕಿದ. ಡ್ವೇನ್ ಹುಡುಗನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಂಗೊಂದು ಮಾತು ಹೇಳಬಾರದಿತ್ತಾ, ಆರ್ಲೀನ್?"

ಅಷ್ಟೂ ವರ್ಷ ನುಂಗಿಕೊಂಡದ್ದನ್ನೆಲ್ಲ ಕೂಗಿ ಹೇಳಬೇಕೆಂದು ಆರ್ಲೀನ್‌ಗೆ ಅನ್ನಿಸಿತು. ಬಂದದ್ದು ಮಾತ್ರ ಸಣ್ಣ, ಒಣಗಿದ ದನಿ.

"ಹೇಳಿದ್ರೆ ಏನು ಮಾಡ್ತಿದ್ದೆ? ಸೂರು ಹತ್ತುತ್ತಿದ್ದೆ. ಹೆಸರು ಹೇಳೋದು ನೀನು, ಬಸ್ ಹತ್ತಿಸೋದು ನಾನು."

ಅವಳು ಏಪ್ರನ್ ಜೇಬಿನಿಂದ ಕಾರಿನ ಕೀ ತೆಗೆದು ಗಂಡನ ಮುಂದೆ ಹಿಡಿದಳು.

"ಈ ಸಲ ನೀನು ಹೋಗು."

"ನಂಗೆ ಅಲ್ಲಿ ಏನು ಹೇಳಬೇಕು ಅಂತ ಗೊತ್ತಾಗಲ್ಲ ಕಣೇ."

"ನಂಗೂ ಯಾವತ್ತೂ ಗೊತ್ತಾಗಿಲ್ಲ."

ಡ್ವೇನ್ ಎದ್ದ. ಕೀ ತೆಗೆದುಕೊಂಡು, ಎಲಿಯೋ ಬಗ್ಗುವ ಮುಂಚೆಯೇ ಪೆಟ್ಟಿಗೆ ಎತ್ತಿಕೊಂಡ. ಎಲಿಯೋ ಆರ್ಲೀನ್‌ಳನ್ನು ಅಪ್ಪಿಕೊಂಡಾಗ ಅವನ ಎಡಭುಜ ಮುಲಾಮಿನ ವಾಸನೆ ಹೊಡೆಯುತ್ತಿತ್ತು. ನೋವಿದೆಯೆಂದು ಅವನು ಎರಡು ಬೇಸಿಗೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹರಿದ ಪೊಟ್ಟಣವನ್ನೇ ಅವನ ಕೈಗಿಟ್ಟಳು.

ಅವರು ಹೋಗುವುದನ್ನು ನೋಡಲು ನಿಲ್ಲದೆ ಅವಳು ನೆಲಮಾಳಿಗೆಗೆ ಇಳಿದಳು. ಹಾಸಿಗೆಯನ್ನು ಯಾರೂ ಮಲಗಿಯೇ ಇಲ್ಲವೆಂಬಂತೆ ಅವನು ಬಿಗಿಯಾಗಿ ಹಾಸಿಟ್ಟಿದ್ದ. ಒಗೆಯಲು ಹಾಕೋಣವೆಂದು ಹೊದಿಕೆಯ ಒಂದು ಮೂಲೆ ಎಳೆದಳು. ಮೇಲೆ, ಚಾವಣಿಗಂಟಿದ ಪುಟ್ಟ ಕಿಟಕಿಯಲ್ಲಿ ಕಾರಿನ ಚಕ್ರವೊಂದು ಕಾಣುತ್ತಿತ್ತು. ಎಂಜಿನ್ ಶುರುವಾಯಿತು. ಗಾಜು ಸಣ್ಣಗೆ ಅದುರತೊಡಗಿತು. ಅವಳು ಹೊದಿಕೆಯ ಮೂಲೆ ಹಿಡಿದೇ ಕಾದಳು. ಡ್ವೇನ್‌ಗೆ ಕಾರು ಹೊರಡಿಸಲಾಗಲಿಲ್ಲ; ಚಕ್ರ ಅಲುಗಲಿಲ್ಲ.