ಶಾಲೆ ನೋಡಲು ಹೋದ ಪೇಂಟರು

ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿಕೊಂಡು ಅಂಗಡಿಯಲ್ಲೇ ಅತ್ತಿಂದಿತ್ತ ನಡೆದು ನೋಡುವವರು ನಾವು. ಎಲ್ಲಿ ಕಚ್ಚುತ್ತದೆ, ಎಲ್ಲಿ ಸಡಿಲ ಎಂದು ಹತ್ತು ಪ್ರಶ್ನೆ ಕೇಳುತ್ತೇವೆ. ಮಗುವನ್ನು ಶಾಲೆಗೆ ಹಾಕುವಾಗ ಮಾತ್ರ ಗೇಟು ನೋಡಿ, ಪಕ್ಕದ ಮನೆಯವರನ್ನು ನೋಡಿ, ಬಿಟ್ಟು ಬಂದುಬಿಡುತ್ತೇವೆ.

ನಮ್ಮ ಬೀದಿಯ ಪೇಂಟರ ಮನೆಯಲ್ಲೂ ಹೀಗೇ ಆಗಿತ್ತು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಫೀಸು ಕಟ್ಟುವ ಶಾಲೆಯಲ್ಲಿ ಮೂರನೇ ತರಗತಿ. ಚಿಕ್ಕವಳನ್ನು ಈ ವರ್ಷ ಒಂದನೇ ತರಗತಿಗೆ ಸೇರಿಸಬೇಕು. ಹೆಂಡತಿ ಮನೆಯಲ್ಲೇ ಕೂತು ಅಂಗಿಗಳಿಗೆ ಕಾಲರ್ ಹೊಲಿಯುತ್ತಾಳೆ. ಒಂದು ಸಂಜೆ ತನ್ನ ಮಿಷನ್ನಿನ ಪಕ್ಕ ಚಾಪೆ ಹಾಸಿ ದೊಡ್ಡವಳನ್ನು ಮಲಗಿಸಿದ್ದಳು. ಮತ್ತೆ ಜ್ವರ, ಮತ್ತೆ ಕೆಳಹೊಟ್ಟೆ ನೋವು.

ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ನರ್ಸಕ್ಕ ಎರಡು ಮನೆ ಆಚೆ ಇದ್ದಾರೆ. ಕೆಲಸದಿಂದ ಬಂದವರು ಚಪ್ಪಲಿ ಬಿಟ್ಟು ನೇರ ಒಳಗೆ ಬಂದು ಹುಡುಗಿಯ ಹಣೆ ಮುಟ್ಟಿ ನೋಡಿದರು.

"ಶಾಲೆಗೆ ನೀರು ಕೊಟ್ಟು ಕಳಿಸ್ತೀಯಲ್ಲ, ಕುಡೀತಾಳಾ?"

"ಎಲ್ಲಿ ಕುಡೀತಾಳಕ್ಕಾ. ಕೊಟ್ಟ ಬಾಟಲಿ ಕೊಟ್ಟ ಹಾಗೇ ವಾಪಸ್ ಬರುತ್ತೆ. ಬೈದೂ ಬೈದೂ ನನಗೇ ಸಾಕಾಗಿದೆ."

ನರ್ಸಕ್ಕ ಹುಡುಗಿಯ ಕಡೆ ಬಾಗಿದರು. "ಯಾಕೆ ಮರಿ, ಕುಡಿಯಲ್ವಾ?"

"ಕುಡಿದ್ರೆ ಬರುತ್ತಲ್ಲ," ಎಂದು ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

"ಬಂದ್ರೆ ಹೋಗಿ ಬಾ."

"ನಮ್ಮ ಬಾತ್‌ರೂಮಿಗೆ ಬೀಗ. ತೆಗೆದಿರೋದು ಮಿಸ್ಸುಗಳದ್ದು ಒಂದೇ. ಕೇಳಿದ್ರೆ ಬೈತಾರೆ. ಯಾರೂ ಕುಡಿಯಲ್ಲ ಆಂಟಿ, ನಾವು ಹುಡುಗೀರು ಯಾರೂ ಕುಡಿಯಲ್ಲ."

ಹೊಲಿಗೆ ಮಿಷನ್ ನಿಂತುಹೋಯಿತು. ಮಗಳು ನೀರು ಕುಡಿಯದೆ ಬಂದಳೆಂದು ಎಷ್ಟು ಸಂಜೆ ಬೈದಿದ್ದಳೋ ಆ ತಾಯಿ. ಯಾಕೆ ಎಂದು ಒಂದು ಸಲವೂ ಕೇಳಿರಲಿಲ್ಲ.

"ಬೆಳಿಗ್ಗೆಯಿಂದ ಸಂಜೆ ತನಕ ತಡ್ಕೊಂಡು ಕೂತ್ರೆ ಮೂತ್ರದ ಸೋಂಕು ಬರುತ್ತೆ," ಎಂದರು ನರ್ಸಕ್ಕ. "ಮತ್ತೆ ಮತ್ತೆ ಬಂದ್ರೆ ಕಿಡ್ನಿ ತನಕ ಹೋಗಬಹುದು. ಬರೀ ಜ್ವರದ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ನಾಳೆನೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ."

ಕರೆದುಕೊಂಡು ಹೋದರು. ಸ್ಕ್ಯಾನ್ ನೋಡಿದ ಡಾಕ್ಟರು, ಒಂದು ಕಿಡ್ನಿಗೆ ಆಗಲೇ ಪೆಟ್ಟಾಗಿದೆ, ಆದದ್ದು ಸರಿಹೋಗುವುದಿಲ್ಲ, ಮುಂದೆ ಹೆಚ್ಚಾಗದಂತೆ ನೋಡಿಕೊಳ್ಳಬೇಕು ಎಂದರು. ಎಂಟು ವರ್ಷದ ಮಗು. ಅದು ಮಾಡಿದ ತಪ್ಪಾದರೂ ಏನು? ಹೇಳಿದ ಶಾಲೆಗೆ ಹೋಯಿತು, ಹೇಳಿದಲ್ಲಿ ಕೂತಿತು.

"ಚಿಕ್ಕವಳನ್ನ ಅಲ್ಲಿಗೆ ಕಳಿಸೋ ಮಾತೇ ಇಲ್ಲ," ಎಂದಳು ಹೆಂಡತಿ ಮನೆಗೆ ಬಂದ ಮೇಲೆ. "ಸರಕಾರಿ ಶಾಲೆ ನೋಡೋಣ."

ಪೇಂಟರು ಮೂಗು ಮುರಿದರು. "ಆ ಗೋಡೆ ನೋಡಿದ್ದೀಯಾ? ಬಣ್ಣ ಕಂಡು ಎಷ್ಟು ವರ್ಷ ಆಯ್ತೋ. ಗೋಡೆನೇ ನೋಡ್ಕೊಳ್ಳದವರು ಮಕ್ಕಳನ್ನ ಏನು ನೋಡ್ಕೋತಾರೆ?"

ಈ ಮಾತು ಬೇರೆ ಯಾರಾದರೂ ಆಡಿದ್ದರೆ ಕ್ಷಮಿಸಬಹುದಿತ್ತು. ಬಿರುಕಿಗೆ ಪುಟ್ಟಿ ತುಂಬಿ, ತಿಕ್ಕಿ, ಮೇಲೆ ಎರಡು ಕೋಟು ಹೊಡೆದು, ಹಳೇ ಗೋಡೆಯನ್ನು ಹೊಸದೆನಿಸುವುದೇ ಈ ಮನುಷ್ಯನ ಕಸುಬು. ಬಣ್ಣದ ಹಿಂದೆ ಏನೇನು ಅಡಗಿರುತ್ತದೆ ಎಂದು ಬೀದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಇವರೇ. ಆದರೂ ಮಗಳಿಗೆ ಶಾಲೆ ಹುಡುಕುವಾಗ ಬಣ್ಣವನ್ನೇ ನಂಬಿದರು.

ಹುಡುಗಿಯನ್ನು ವಿಚಾರಿಸಲು ಬಂದಿದ್ದ ನರ್ಸಕ್ಕ ಸಿಟ್ಟಾಗಲಿಲ್ಲ. "ಸರಕಾರಿ ಶಾಲೆ ಅಂದ್ರೆ ಎಲ್ಲಾ ಚೆನ್ನಾಗಿರುತ್ತೆ ಅಂತ ನಾನು ಹೇಳಲ್ಲಪ್ಪ. ಚುಚ್ಚುಮದ್ದು ಹಾಕೋಕೆ ನಾನು ಎಲ್ಲಾ ಕಡೆ ಹೋಗ್ತೀನಿ. ಒಂದು ಕಡೆ ಟೀಚರು ಮಕ್ಕಳಿಗೆ ಜೀವ ಬಿಡ್ತಾರೆ, ಇನ್ನೊಂದು ಕಡೆ ಟೀಚರೇ ಬಂದಿರಲ್ಲ. ಅದಕ್ಕೇ ಹೋಗಿ ನೋಡಿ ಅನ್ನೋದು. ಹಾರ ತುರಾಯಿ ಇರೋ ದಿನ ಬೇಡ, ಮಾಮೂಲಿ ದಿನ ಪಾಠ ನಡೆಯೋ ಹೊತ್ತಿಗೆ ಹೋಗಿ. ಅವರು ಎಬ್ಬಿಸಿ ನಿಲ್ಲಿಸಿದ ಮಗುನ ಓದಿಸ್ಬೇಡಿ, ಯಾರು ಹೋದ್ರೂ ಎದ್ದು ನಿಲ್ಲೋದು ಅದೇ ಮಗು. ಹಿಂದೆ ಕೂತ ಮಗುನ ಕೇಳಿ. ಪುಟನೂ ನೀವೇ ತೆಗೀರಿ."

"ನಾನು ಓದಿರೋದು ಏಳನೇ ಕ್ಲಾಸು. ನಾನು ಹೋಗಿ ಟೀಚರಿಗೆ ಪರೀಕ್ಷೆ ಮಾಡ್ಲಾ?"

"ಶೌಚಾಲಯದ ಬಾಗಿಲು ತಳ್ಳಿ ನೋಡೋಕೆ ಎಷ್ಟನೇ ಕ್ಲಾಸು ಓದಿರಬೇಕು?"

ಮಾರನೆಯ ದಿನ ಗಂಡ ಹೆಂಡತಿ ಸರಕಾರಿ ಶಾಲೆಗೆ ಹೊರಟರು.

ಹೆಡ್ ಮೇಡಂ ಬಾಗಿಲಲ್ಲೇ ಸಿಕ್ಕರು. ಕೈತುಂಬ ಚಾಕ್ ಪುಡಿ. "ಒಳಗೆ ಬಂದು ನೋಡಬೇಕಾ? ಬನ್ನಿ ಬನ್ನಿ. ಜನ ರಸ್ತೆಯಲ್ಲಿ ನಿಂತೇ ನೋಡಿ ಹೋಗ್ತಾರೆ," ಎಂದರು. ಆ ಮಾತು ಸ್ವಾಗತದಂತೆಯೂ ಇತ್ತು, ಬೈಗುಳದಂತೆಯೂ ಇತ್ತು.

ಎರಡನೇ ತರಗತಿಯಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ಕೇಳುವ ಮೊದಲೇ ಎದ್ದು ಪದ್ಯ ಶುರುಮಾಡಿದ. ಪೇಂಟರು, "ನೀನು ಕೂತ್ಕೊಳಪ್ಪ, ಜಾಣ," ಎಂದು ಹಿಂದಿನ ಸಾಲಿಗೆ ಹೋಗಿ ಒಬ್ಬ ಹುಡುಗಿಯ ಪುಸ್ತಕ ತೆಗೆದು ನಡುವಿನ ಒಂದು ಪುಟ ಬಿಡಿಸಿಕೊಟ್ಟರು. ಅವಳು ತಡವರಿಸುತ್ತಾ ಓದಿದಳು. ಒಂದು ಒತ್ತಕ್ಷರದ ಹತ್ತಿರ ಸಿಕ್ಕಿಹಾಕಿಕೊಂಡಳು. ಟೀಚರು ಗದರಲಿಲ್ಲ, ತಾವೇ ಓದಿ ಮುಗಿಸಲೂ ಇಲ್ಲ, ಕಾದರು. ಹುಡುಗಿ ಬಿಡಿಸಿಕೊಂಡು ಓದಿದಳು.

"ಏನು ಹೇಳಿದೆ ಇದರಲ್ಲಿ?" ಎಂದು ಪೇಂಟರ ಹೆಂಡತಿ ಕೇಳಿದಳು.

"ಅಜ್ಜನ ಕೊಡೆ ಗಾಳಿಗೆ ಹಾರಿಹೋಯ್ತು. ಅಜ್ಜ ಅದರ ಹಿಂದೆ ಓಡಿದ. ಬಿದ್ದ." ಹುಡುಗಿ ನಕ್ಕಳು.

ಇವರ ದೊಡ್ಡವಳು ಇಡೀ ಪಾಠವನ್ನು ಗಿಳಿಯಂತೆ ಒಪ್ಪಿಸುತ್ತಾಳೆ, ಆದರೆ ಏನು ಹೇಳಿದೆ ಎಂದು ಕೇಳಿದರೆ ಪಿಳಿಪಿಳಿ ನೋಡುತ್ತಾಳೆ.

ಎಲ್ಲವೂ ಹಾಲುಜೇನು ಎಂದುಕೊಳ್ಳಬೇಡಿ. ಮುಂದಿನ ಕೋಣೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಯವರು ಒಟ್ಟಿಗೆ ಕೂತಿದ್ದರು. ಒಂದು ಕಡೆ ಲೆಕ್ಕ, ಒಂದು ಕಡೆ ಗಲಾಟೆ, ನಡುವೆ ಗಂಟಲು ಕಟ್ಟಿದ ಒಬ್ಬರೇ ಟೀಚರು.

"ಟೀಚರು ಕಮ್ಮಿ. ಮುಚ್ಚಿಟ್ಟು ಏನು ಮಾಡ್ಲಿ," ಎಂದರು ಹೆಡ್ ಮೇಡಂ. "ಕೊಡಿ ಅಂತ ನಾನೊಬ್ಬಳು ಕೇಳಿದ್ರೆ ಯಾರಿಗೂ ಕೇಳಿಸಲ್ಲ. ತಂದೆತಾಯಿಗಳು ಬಂದು ಕೇಳ್ಬೇಕು. ಅವರು ಜಗಳ ಆಡಲ್ಲ, ಮಕ್ಕಳನ್ನ ಬಿಡಿಸ್ಕೊಂಡು ಹೋಗ್ತಾರೆ. ಮಕ್ಕಳು ಕಮ್ಮಿ ಆದ್ರೆ ಇರೋ ಟೀಚರೂ ಹೋಗ್ತಾರೆ."

ಕೊನೆಗೆ ಶೌಚಾಲಯ. ಹುಡುಗಿಯರದು ಬೇರೆ, ಬೀಗವಿಲ್ಲ. ಒಳಗಿನ ಚಿಲಕ ಬೀಳುತ್ತಿತ್ತು. ನೆಲ ಒದ್ದೆ, ಬಕೆಟ್ಟಿನ ಹಿಡಿ ಮುರಿದಿತ್ತು, ಆದರೆ ನೀರಿತ್ತು. ಪೇಂಟರು ನಲ್ಲಿ ತಿರುಗಿಸಿ ನೋಡಿದರು. ನಲ್ಲಿಯ ಹಿಂದೆ ಬಾಗಿ ಪೈಪು ಎಲ್ಲಿಗೆ ಹೋಗಿದೆ ಎಂದೂ ನೋಡಿದರು. ಆಮೇಲೆ ನಲ್ಲಿ ನಿಲ್ಲಿಸುವುದನ್ನೇ ಮರೆತು ಹಾಗೇ ನಿಂತರು.

"ಏನಾಯ್ತು ರೀ?"

"ಅಲ್ಲಿ ಪೈಪೇ ಇಲ್ಲ ಕಣೇ."

"ಎಲ್ಲಿ?"

"ದೊಡ್ಡವಳ ಶಾಲೇಲಿ. ಅವಳನ್ನ ಸೇರಿಸೋಕೆ ಮುಂಚೆ ಅಲ್ಲಿ ಬಣ್ಣ ಹೊಡೆದೆನಲ್ಲ. ಹುಡುಗೀರ ಬಾತ್‌ರೂಮಿಗೆ ಗುಲಾಬಿ ಬಣ್ಣ, ಬಾಗಿಲ ಮೇಲೆ ಚಿಟ್ಟೆ. ಕರಪತ್ರಕ್ಕೆ ಫೋಟೋ ಬೇಕು ಅಂದ್ರು. ಗೋಡೆಗೆ ನಲ್ಲಿ ಸಿಗಿಸಿದ್ರು ಅಷ್ಟೇ, ಹಿಂದೆ ಪೈಪು ಇರಲಿಲ್ಲ. ಆಮೇಲೆ ಹಾಕಿಸ್ತಾರೇನೋ ಅಂದ್ಕೊಂಡೆ. ನನಗ್ಯಾಕೆ ಅಂದ್ಕೊಂಡೆ."

ಹೆಂಡತಿ ಅವರ ಕಡೆ ತಿರುಗಿದಳು. "ನೋಡಿದ್ರಾ? ಕಣ್ಣಾರೆ ನೋಡಿಯೂ ಮಗಳನ್ನ ಅಲ್ಲಿಗೇ ಹಾಕಿದ್ರಾ?"

ಹೆಡ್ ಮೇಡಂ ಬಂದು ನಲ್ಲಿ ನಿಲ್ಲಿಸಿದರು.

ಇಬ್ಬರು ಹುಡುಗಿಯರೂ ಈಗ ಸರಕಾರಿ ಶಾಲೆಯಲ್ಲಿದ್ದಾರೆ. ಗೆಳತಿಯರನ್ನು ಬಿಟ್ಟು ಬಂದಿದ್ದಕ್ಕೆ ದೊಡ್ಡವಳು ಅತ್ತಳು. ಹಲವು ದಿನ ಅಪ್ಪನ ಹತ್ತಿರ ಮಾತಾಡಲಿಲ್ಲ. ಮಾತ್ರೆ ನುಂಗುವುದು ನಡೆದೇ ಇದೆ, ಎಷ್ಟು ವರ್ಷ ಎಂದು ಡಾಕ್ಟರು ಹೇಳಿಲ್ಲ. ಚಿಕ್ಕವಳಿಗೆ ಇದೊಂದೂ ಗೊತ್ತಿಲ್ಲ, ಬಾಟಲಿ ಖಾಲಿ ಮಾಡಿಕೊಂಡು ಬರುತ್ತಾಳೆ. ಪೇಂಟರು ಶಾಲಾ ಸಮಿತಿಯ ಸಭೆಗೆ ತಪ್ಪದೆ ಹೋಗಿ ಇನ್ನೊಬ್ಬ ಟೀಚರಿಗಾಗಿ ಗಲಾಟೆ ಮಾಡುತ್ತಾರೆ. ಟೀಚರು ಇನ್ನೂ ಬಂದಿಲ್ಲ.

ಅವರು ಹಳೆಯ ಶಾಲೆಗೂ ಹೋಗಿ ಪೈಪಿನ ವಿಷಯ ಕೇಳಿದರು. "ಬಣ್ಣದವನು ಬಣ್ಣ ನೋಡ್ಕೊ," ಎಂದು ಕಳಿಸಿದರು. ಪೇಂಟರು ಗೇಟಿನ ಹತ್ತಿರ ನಿಂತಿದ್ದ ತಂದೆತಾಯಿಗಳಿಗೆ ಹೇಳಿದರು. ಕೆಲವರು ಮುಖ ತಿರುಗಿಸಿದರು. ಒಬ್ಬಾತ, "ಪಾಪ, ಫೀಸು ಕಟ್ಟೋಕಾಗದೆ ಬಿಡಿಸಿದಾನೆ," ಎಂದು ಅವರಿಗೆ ಕೇಳುವಂತೆಯೇ ಹೇಳಿದ. ಈ ವರ್ಷ ಅಲ್ಲಿ ಬೇರೆ ಪೇಂಟರು ಬಣ್ಣ ಹೊಡೆದಿದ್ದಾರೆ. ಚಿಟ್ಟೆಗಳ ಜೊತೆಗೆ ಹೂವೂ ಬಂದಿದೆ.

ತಾಯಂದಿರೇ, ತಂದೆಯರೇ, ಇದನ್ನು ಓದುತ್ತಿರುವ ನಿಮಗೂ ಶಾಲೆಗೆ ಸೇರಿಸುವ ಮಗುವಿರಬಹುದು. ಸರಕಾರಿಯೋ ಖಾಸಗಿಯೋ, ಮೊದಲು ಒಳಗೆ ಹೋಗಿ ನೋಡಿ. ಪಾಠ ನಡೆಯುವ ಹೊತ್ತಿಗೆ ಹೋಗಿ, ಹಿಂದಿನ ಸಾಲಿನ ಮಗುವಿನಿಂದ ಓದಿಸಿ, ಓದಿದ್ದರ ಅರ್ಥ ಕೇಳಿ. ಎಷ್ಟು ತರಗತಿಗೆ ಎಷ್ಟು ಟೀಚರು ಎಂದು ಕೇಳಿ. ಶೌಚಾಲಯದ ಬಾಗಿಲು ತಳ್ಳಿ, ನಲ್ಲಿ ತಿರುಗಿಸಿ. ಕೊರತೆ ಕಂಡರೆ ಓಡಿಹೋಗಬೇಡಿ, ಶಾಲಾ ಸಮಿತಿಗೆ ಹೋಗಿ ಕೇಳಿ. ಸೇರಿಸಿದ ಮೇಲೂ ಆಗಾಗ ಹೋಗುತ್ತಿರಿ. ಹೀಗೆಲ್ಲ ಕೇಳಲು ನಿಮಗೆ ಸಂಕೋಚವಾಗುತ್ತದೆ, ನಮಗೆ ಗೊತ್ತು. ನೀವು ಒಂದು ಗಳಿಗೆಯ ಸಂಕೋಚಕ್ಕೆ ಹೆದರಿ ಕೇಳದಿದ್ದರೆ ನಿಮ್ಮ ಮಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲು ಒತ್ತಿಕೊಂಡು ಕೂರಬೇಕಾಗುತ್ತದೆ. ಅವಳು ನಿಮಗೆ ಹೇಳುವುದೂ ಇಲ್ಲ.