ಕಪಾಟಿನ ಬಾಗಿಲಿನ ಐದು ಸಂಖ್ಯೆಗಳು

ಚಾಕುವಿನ ತುದಿಯಿಂದ ಮೂರು ಮೂಲೆ ಬಿಡಿಸಿದ್ದಾಗಿತ್ತು. ನಾಲ್ಕನೆಯದು ಮಾತ್ರ ಜಪ್ಪಯ್ಯ ಅಂದರೂ ಏಳಲೊಲ್ಲದು. ಅಕ್ಕನ ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಇಪ್ಪತ್ತೆರಡು ವರ್ಷದಿಂದ ಅಂಟಿಕೊಂಡಿದ್ದ ಚೀಟಿ ಅದು. ಅವಳ ತಮ್ಮ, ನಿವೃತ್ತ ಬಸ್ ಡ್ರೈವರ್, ಉಸಿರು ಬಿಗಿಹಿಡಿದು ಚಾಕುವನ್ನು ಇನ್ನೊಂದು ಕೂದಲೆಳೆಯಷ್ಟು ಒಳಗೆ ತಳ್ಳಿದ.

"ಗಾಡಿ ಬಂದು ಹತ್ತು ನಿಮಿಷ ಆಯ್ತು ರೀ," ಹೆಂಡತಿ ಬಾಗಿಲಲ್ಲಿ ನಿಂತಳು. "ಅದನ್ನ ಕಿತ್ತುಕೊಂಡು ಏನ್ ಮಾಡ್ತೀರಿ ಈಗ?"

"ಹನ್ನೊಂದಕ್ಕೆ ಚಿತಾಗಾರದಲ್ಲಿ ನಾನು ಮಾತಾಡ್ಬೇಕಲ್ಲೇ. ಅಕ್ಕ ಜೀವಮಾನವಿಡೀ ಏನ್ ಮಾಡಿದ್ಲು ಅಂತ ನಾಲ್ಕು ಜನಕ್ಕೆ ಹೇಳ್ಬೇಕಲ್ಲ."

"ಆಸ್ಪತ್ರೆ ಕಂಪ್ಯೂಟರ್ ನೋಡ್ಕೋತಿದ್ರು ಅನ್ನಿ. ಎಲ್ಲರಿಗೂ ಅರ್ಥ ಆಗತ್ತೆ."

"ಅಷ್ಟು ಬರ್ಕೊಂಡಿದೀನಿ. ಒಂದೂವರೆ ಸಾಲಾಯ್ತು. ಮೂವತ್ತೊಂದು ವರ್ಷಕ್ಕೆ ಒಂದೂವರೆ ಸಾಲಾ?"

ಚೀಟಿ ಕೈಗೆ ಬಂತು. ಅಕ್ಕನ ದುಂಡು ಅಕ್ಷರ.

೦ – ಪೂರ್ತಿ ಆಯಿತು.
೧೦ – ಮಾಡಲು ಏನೂ ಇರಲಿಲ್ಲ.
೨೦ – ಈಗ ಆಗದು, ಆಮೇಲೆ ನೋಡು.
೩೦ – ಕೊಟ್ಟದ್ದೇ ತಪ್ಪು.
೪೦ – ಅರ್ಧಕ್ಕೆ ನಿಂತಿದೆ. ಮುಟ್ಟಬೇಡ, ಮನುಷ್ಯರನ್ನು ಕರೆ.

ಈ ಮನೆಯಲ್ಲಿ ಯಾರನ್ನು ಯಾವ ಕೆಲಸಕ್ಕೆ ಕಳಿಸಿದರೂ, ತಿರುಗಿ ಬಂದಾಗ ಅಕ್ಕ ಕೇಳುತ್ತಿದ್ದದ್ದು ಒಂದೇ: "ಎಷ್ಟು?" ಅಂಗಡಿ ಮುಚ್ಚಿದ್ದರೆ ಇಪ್ಪತ್ತು. ಅವಳೇ ಚೀಟಿಯಲ್ಲಿ ಏನೋ ತಪ್ಪು ಬರೆದಿದ್ದರೆ ಮೂವತ್ತು, ಆಗ ಅವಳ ಮುಖ ನೋಡಬೇಕಿತ್ತು. ಒಮ್ಮೆ ಡ್ರೈವರ್ ಮೊಟ್ಟೆಯ ಚೀಲವನ್ನು ಮೆಟ್ಟಿಲ ಮೇಲೆ ಕೆಡವಿ, ಕಕ್ಕಾಬಿಕ್ಕಿಯಾಗಿ ನಿಂತು "ನಲವತ್ತು ಅಕ್ಕಾ!" ಎಂದು ಕೂಗಿದ್ದ. ಅಕ್ಕ ಪೊರಕೆ ಹಿಡಿದು ಓಡಿ ಬಂದಿದ್ದಳು, ಬೈಯದೆ. "ಅರ್ಧ ಆಯ್ತು ಅಂತ ಒಪ್ಕೊಂಡೋನನ್ನ ಬೈಬಾರದು ಡ್ರೈವರ್ ಸಾಹೇಬ," ಎಂದಿದ್ದಳು.

ತಮಾಷೆ ಗೊತ್ತಿತ್ತು. ಅದರ ಹಿಂದೆ ಏನಿತ್ತು ಎಂಬುದನ್ನು ಅವಳು ಒಮ್ಮೆ ಮಾತ್ರ ಹೇಳಿದ್ದಳು.

*

ಇಪ್ಪತ್ತೆರಡು ವರ್ಷದ ಹಿಂದಿನ ಆ ಸಂಜೆ ಅಕ್ಕ ತಟ್ಟೆಯ ಮುಂದೆ ಕುಳಿತು ಅನ್ನ ಕಲಸುತ್ತಲೇ ಇದ್ದಳು, ಬಾಯಿಗಿಡಲಿಲ್ಲ.

"ಪ್ರೋಗ್ರಾಮು ಅಂದ್ರೆ ಏನಂದ್ಕೊಂಡಿದೀಯ? ಕಪ್ಪು ಪರದೆ ಮೇಲೆ ಅದರ ಹೆಸರು ಟೈಪ್ ಮಾಡಿದ್ರೆ ಓಡತ್ತೆ. ಕೆಲಸ ಬಿಟ್ಟು ಹೊರಡುವಾಗ ಒಂದು ಸಂಖ್ಯೆ ಹೇಳಿ ಹೋಗತ್ತೆ. ಅದರ ಹಿಂದೆಯೇ ಬರೋ ಪ್ರೋಗ್ರಾಮು ಆ ಸಂಖ್ಯೆ ಬಿಟ್ಟು ಬೇರೇನೂ ಕೇಳಲ್ಲ. ಸೊನ್ನೆ ಅಂದ್ರೆ ಎಲ್ಲ ಸರಿ."

ಅವಳು ಬರೆದದ್ದು ರಕ್ತಪರೀಕ್ಷೆಯ ಫಲಿತಾಂಶಗಳನ್ನು ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡುವ ಪ್ರೋಗ್ರಾಮು. ನಕಲಾದ ಮೇಲೆ ಮತ್ತೊಂದು ಪ್ರೋಗ್ರಾಮು ಬಂದು ಮೂಲವನ್ನು ಅಳಿಸುತ್ತಿತ್ತು. ನೋಡುವವರಿಗೆ ಚೆನ್ನಾಗಿರಲಿ ಎಂದು ಅಕ್ಕ ಕೊನೆಯಲ್ಲಿ, ಪರದೆಯ ಮೇಲೆ 'ಮುಗಿಯಿತು' ಎಂದು ತೋರಿಸುವ ಒಂದು ಸಾಲು ಸೇರಿಸಿದ್ದಳು. ಸಂಖ್ಯೆ ಹೇಳುವಾಗ ಯಂತ್ರ ಪರಿಗಣಿಸುವುದು ಕೊನೆಯ ಸಾಲಿನ ಕೆಲಸ ಆಯಿತೇ ಎಂಬುದನ್ನಷ್ಟೇ. ಒಂದು ದಿನ ಆ ಇನ್ನೊಂದು ಕಂಪ್ಯೂಟರಿನಲ್ಲಿ ಜಾಗ ಸಾಲದೆ ನಕಲು ನಡುದಾರಿಯಲ್ಲಿ ನಿಂತುಹೋಯಿತು. ಆದರೆ 'ಮುಗಿಯಿತು' ಎಂದು ತೋರಿಸುವ ಕೆಲಸ ಸಾಂಗವಾಗಿ ನಡೆಯಿತು. ಹೋಗುವಾಗ ಪ್ರೋಗ್ರಾಮು ಸೊನ್ನೆ ಎಂದಿತು. ಹಿಂದೆ ಬಂದದ್ದು ಮೂಲವನ್ನು ಗುಡಿಸಿಹಾಕಿತು. ಹನ್ನೊಂದು ದಿನದ ಫಲಿತಾಂಶಗಳು ಹೋದವು.

"ನಾನು ಸೌಜನ್ಯಕ್ಕೆ ಅಂತ ಬರೆದ ಸಾಲು ಕಣೋ," ಅಂದಳು ಅಕ್ಕ.

ಮಾರನೆಯ ದಿನದಿಂದ ಅವಳು ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲಿ ನಿಂತಳು. ಎರಡನೇ ಸಲ ಸೂಜಿ ಚುಚ್ಚಿಸಿಕೊಳ್ಳಲು ಬಂದ ಒಬ್ಬೊಬ್ಬರಿಗೂ "ತಪ್ಪು ನಂದು" ಎಂದಳು. ಒಂದು ವಾರ. ಎಂಟನೆಯ ದಿನ ಐದು ಸಂಖ್ಯೆಗಳನ್ನು ಬರೆದಳು.

*

ವಿದ್ಯುತ್ ಚಿತಾಗಾರದ ಪಕ್ಕದ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಡ್ರೈವರ್ ಹತ್ತು ಜನ ಬಂದಾರು ಎಂದುಕೊಂಡಿದ್ದ.

"ಇವರೆಲ್ಲ ಯಾರು ಸರ್?" ಎಂದು ಪಕ್ಕದಲ್ಲಿ ಕೋಲೂರಿ ಕುಳಿತಿದ್ದ ಸಾಹೇಬರನ್ನು ಕೇಳಿದ. ಅಕ್ಕನ ವಿಭಾಗಕ್ಕೆ ಹಿಂದೆ ಅವರೇ ಮುಖ್ಯಸ್ಥರು.

"ನಿಮ್ಮಕ್ಕನ ಕೈಗೆ ಸಿಕ್ಕಿಬಿದ್ದವರು. ಒಂಬತ್ತು ವರ್ಷ ಕಣಪ್ಪ, ಒಂದೊಂದು ವಿಭಾಗದ ಬಾಗಿಲಿಗೂ ಹೋಗಿ ಒಂದೊಂದು ಪ್ರೋಗ್ರಾಮೂ ಈ ಐದು ಸಂಖ್ಯೆ ಹೇಳೋ ಹಾಗೆ ತಿದ್ದಿಸಿದಳು. ಆಮೇಲೆ ಬೇರೆ ಆಸ್ಪತ್ರೆಯವರೂ ಅದನ್ನೇ ತಗೊಂಡ್ರು. ನಾನು ಮೊದಲು ಬಿಲ್ಕುಲ್ ಒಪ್ಪಿರಲಿಲ್ಲ. 'ಆಯ್ತು, ಆಗಲಿಲ್ಲ, ಎರಡು ಸಾಕಲ್ಲಮ್ಮ' ಅಂದೆ. 'ಆಗಲಿಲ್ಲ ಅನ್ನೋದ್ರಲ್ಲಿ ಹತ್ತು ಥರ ಇದೆ ಸರ್, ನಾನು ನಾಲ್ಕಕ್ಕೆ ಇಳಿದಿದೀನಿ, ನೀವೂ ಸ್ವಲ್ಪ ಇಳೀರಿ' ಅಂದ್ಲು. ಬೆನ್ನ ಹಿಂದೆ ಸೊನ್ನೆ ಮೇಡಂ ಅಂತ ಹೆಸರಿಟ್ಟೋನು ನಾನೇ. ಅವಳಿಗೆ ಗೊತ್ತಿತ್ತು."

"ಮನೇಲಿ ಹೇಳಿದ್ಲು ಸರ್. ಖುಷಿಯಾಗಿದ್ಲು."

ಸಾಹೇಬರು ನಗುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಫೋನು ಗುಂಯ್‌ಗುಟ್ಟಿತು. ಈಗಿನ ಮುಖ್ಯಸ್ಥೆ ಪರದೆ ನೋಡಿದವಳೇ ಎದ್ದು ನಿಂತಳು. "ನಲವತ್ತು," ಎಂದಳು. "ರಕ್ತಪರೀಕ್ಷೆ ನಕಲು."

ತಕ್ಷಣ ಆಸ್ಪತ್ರೆಗೆ ಕರೆ ಮಾಡಿದಳು. ಫೋನಿನಲ್ಲಿ ಡ್ಯೂಟಿಯಲ್ಲಿದ್ದವನ ದನಿ ಡ್ರೈವರನಿಗೂ ಕೇಳುತ್ತಿತ್ತು: "ಮತ್ತೆ ಓಡಿಸಿಬಿಡ್ಲಾ ಮೇಡಂ?"

"ಮುಟ್ಟಬೇಡ ಅನ್ನಮ್ಮ ಅವನಿಗೆ!" ಸಾಹೇಬರು ಕೋಲೆತ್ತಿ ಗುಡುಗಿದರು. "ಮೂಲ ಇದೆಯಾ ಕೇಳು!"

ಆಕೆ ಕೇಳಿದಳು. ಕೇಳಿ, ನಿಧಾನವಾಗಿ ಹೇಳಿದಳು: "ಇದೆ ಸರ್. ಜಾಗ ತುಂಬಿ ನಕಲು ಅರ್ಧಕ್ಕೆ ನಿಂತಿದೆ. ಅಳಿಸೋ ಪ್ರೋಗ್ರಾಮು ನಲವತ್ತು ನೋಡಿ ಕೈಕಟ್ಟಿ ಕೂತಿದೆ. ಒಂದೇ ಒಂದು ಫಲಿತಾಂಶ ಹೋಗಿಲ್ಲ." ಫೋನಿಗೆ ಹೇಳಿದಳು: "ಮೊದಲು ಜಾಗ ಮಾಡು. ಮೊದಲಿಂದ ಪೂರ್ತಿ ನಕಲು ಮಾಡು. ಸಂಖ್ಯೆ ಬಂದ ಮೇಲೆ ಹೇಳು. ನಾನು ಲೈನಲ್ಲೇ ಇರ್ತೀನಿ."

"ಅವತ್ತಿನದೇ ಜಾಗ," ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಅವತ್ತಿನದೇ ಎಡವಟ್ಟು. ಹೋದದ್ದು ಮಾತ್ರ ಏನೂ ಇಲ್ಲ."

ಗಂಟೆ ಹನ್ನೊಂದಾಗಿತ್ತು. ಡ್ರೈವರ್ ಜೇಬಿನ ಹಾಳೆಯನ್ನು ಅಲ್ಲೇ ಬಿಟ್ಟು ಚೀಟಿ ಹಿಡಿದು ಅಕ್ಕನನ್ನು ಮಲಗಿಸಿದ್ದ ತೆರೆದ ಪೆಟ್ಟಿಗೆಯ ಪಕ್ಕ ನಿಂತ.

"ನಾನು ಬಸ್ ಓಡಿಸ್ದೋನು. ನನಗೆ ಕಂಪ್ಯೂಟರ್ ತಿಳಿಯಲ್ಲ. ಅಕ್ಕ ಏನ್ ಮಾಡಿದ್ಲು ಅಂತ ಬೆಳಿಗ್ಗೆವರೆಗೂ ಹೇಳೋಕೆ ಬರ್ತಿರಲಿಲ್ಲ. ಈಗ ಬರತ್ತೆ. ಯಂತ್ರ ಸುಳ್ಳು ಹೇಳಬಾರದು ಅಂತ ಮಾಡಿದ್ಲು. ಆಗಿಲ್ಲ ಅಂದ್ರೆ ಆಗಿಲ್ಲ ಅನ್ನಬೇಕು, ಯಾಕೆ ಆಗಿಲ್ಲ ಅಂತಾನೂ ಹೇಳ್ಬೇಕು, ಕೇಳಿದೋನಿಗೆ ಮುಂದೇನು ಅಂತ ಗೊತ್ತಾಗ್ಬೇಕು. ಈಗ ನೀವೇ ನೋಡಿದ್ರಿ. ಇವತ್ತು ಯಾರೂ ಎರಡನೇ ಸಲ ಸೂಜಿ ಚುಚ್ಚಿಸ್ಕೋಬೇಕಿಲ್ಲ. ಅಕ್ಕ ಇಲ್ಲಿ ಮಲಗಿದಾಳೆ. ಅವಳ ಕೆಲಸ ಅಲ್ಲಿ ಎದ್ದು ನಿಂತಿದೆ."

ಧನ್ಯವಾದ ಎನ್ನಲು ಬಾಯಿ ತೆರೆದವನು ನಿಲ್ಲಿಸಿದ. ಕೊನೆಗೊಂದು ಸೌಜನ್ಯದ ಸಾಲು ಬೇಡ.

ಚಿತಾಗಾರದ ನೌಕರ ಬಾಗಿಲಿಂದ ಇಣುಕಿದ. "ಎಲ್ಲ ಆಯ್ತಾ ಸರ್? ಒಳಗೆ ತಗೊಳ್ಳಾ?"

ಡ್ರೈವರ್ ಮುಖ್ಯಸ್ಥೆಯ ಕಡೆ ನೋಡಿದ. ಫೋನು ಇನ್ನೂ ಆಕೆಯ ಕಿವಿಯಲ್ಲೇ ಇತ್ತು.

"ಇಪ್ಪತ್ತು," ಎಂದ.

ನೌಕರ ಗಡಿಯಾರ ನೋಡಿಕೊಂಡ. "ಇಪ್ಪತ್ತು ನಿಮಿಷಾನಾ?"

ಇಡೀ ಸಭೆ ಗೊಳ್ಳೆಂದಿತು. ಸಾಹೇಬರು ಕೆಮ್ಮುವವರೆಗೂ ನಕ್ಕರು. ಮತ್ತೆ ಎಲ್ಲರೂ ಕಾದರು, ಅಕ್ಕನ ಜೊತೆ. ಕಿಟಕಿಯ ಬಿಸಿಲು ಪೆಟ್ಟಿಗೆಯ ಅಂಚಿನಿಂದ ನಡುವಿನವರೆಗೆ ಸರಿಯಿತು.

ಮುಖ್ಯಸ್ಥೆ ಫೋನು ಇಳಿಸಿದಳು. ಹೆಬ್ಬೆರಳು ತೋರುಬೆರಳು ಸೊನ್ನೆಯಂತೆ ಕೂಡಿಸಿ ಕೈಯನ್ನು ತಲೆಯ ಮೇಲಕ್ಕೆತ್ತಿದಳು. ಹಿಂದಿನ ಸಾಲಿನಲ್ಲೊಂದು ಕೈ ಎದ್ದಿತು. ಗೋಡೆಗೊರಗಿದ್ದವರ ಕೈಗಳು ಎದ್ದವು. ಸಾಹೇಬರು ಕೋಲನ್ನು ಎಡಗೈಗೆ ದಾಟಿಸಿ ಬಲಗೈ ಎತ್ತಿದರು. ಡ್ರೈವರ್ ಚೀಟಿಯನ್ನು ಅಕ್ಕನ ಅಂಗೈ ಕೆಳಗೆ ಸರಿಸಿ, ನೌಕರನ ಕಡೆ ತಿರುಗಿ, ತಾನೂ ಎರಡು ಬೆರಳು ಕೂಡಿಸಿದ.

ನೌಕರನಿಗೆ ಏನೊಂದೂ ತಿಳಿಯಲಿಲ್ಲ. ಆದರೂ ಗುಂಡಿ ಒತ್ತುವ ಮೊದಲು, ಅಷ್ಟೂ ಕೈಗಳನ್ನು ನೋಡಿ, ಅವನೂ ತನ್ನದನ್ನು ಎತ್ತಿದ.